ಚಕ್ರ ನಿಲ್ಲಲಿ, ಆಮೇಲೆ ಲಿವರ್ ಮುಟ್ಟಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವಾರದ ಓದುಗರ ಪತ್ರಗಳಲ್ಲಿ ಒಬ್ಬರು ಆಟೊಮ್ಯಾಟಿಕ್ ಕಾರು ಓಡಿಸುವವರಿಗೆ ಇಂಧನ ಉಳಿಸುವ ಎರಡು ಉಪಾಯ ಹೇಳಿದ್ದರು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಗೇರ್ ಲಿವರನ್ನು ‘ಎನ್’ಗೆ, ಅಂದರೆ ಎಂಜಿನ್ನಿನ ಬಲ ಚಕ್ರಕ್ಕೆ ಹೋಗದ ನ್ಯೂಟ್ರಲ್‌ಗೆ ಹಾಕಿ, ಇಳಿಜಾರು ಸಿಕ್ಕರೆ ‘ಎನ್’ನಲ್ಲೇ ಗಾಡಿ ಬಿಡಿ ಎಂದು. ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದೇ ಅವರು ಬರೆದಿದ್ದಾರೆ. ಆದರೆ ಅದನ್ನು ಓದಿದ ರಾತ್ರಿ ನನಗೆ ಸಮಾಧಾನವಿರಲಿಲ್ಲ. 26 ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವುದು ಒಂದೇ ಕೆಲಸ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವುದು, ಬಿಚ್ಚುವುದು, ಸವೆದದ್ದನ್ನು ತೆಗೆದು ಹೊಸದು ಕೂರಿಸುವುದು, ಮತ್ತೆ ಏರಿಸುವುದು. ಅಂಥ ಉಪಾಯಗಳನ್ನು ನಂಬಿ ಓಡಿಸಿದವರ ಗೇರ್‌ಬಾಕ್ಸ್‌ಗಳನ್ನು ಈ ಕೈಯಲ್ಲೇ ಬಿಚ್ಚಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ಹತ್ತಿರ ಬರುವ ಗೇರ್‌ಬಾಕ್ಸ್‌ಗಳಲ್ಲಿ ವಯಸ್ಸಾಗಿ ಸವೆದವು ಕಡಿಮೆ, ಅಭ್ಯಾಸದಿಂದ ಸವೆದವೇ ಹೆಚ್ಚು. ಬಿಚ್ಚಿದ ಭಾಗಗಳನ್ನು ತೊಳೆಯುವ ಮೊದಲು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಡಬೇಕು ಎನ್ನುವುದು ನನಗೆ ಕೆಲಸ ಕಲಿಸಿದ ಹಿರಿಯರ ಕಟ್ಟಳೆ. “ತೊಳೆದುಬಿಟ್ಟರೆ ಎಲ್ಲವೂ ಒಂದೇ ಥರ ಕಾಣುತ್ತೆ ಕಣಯ್ಯಾ. ಮೊದಲು ಯಾವುದು ಕರಕಲಾಗಿದೆ ನೋಡು, ಓಡಿಸಿದವನ ಕೈ ಗೊತ್ತಾಗುತ್ತೆ” ಎನ್ನುತ್ತಿದ್ದರು. ಅದು ನಿಜ. ಮುಂದಕ್ಕೆ ಹೋಗುವ ಕ್ಲಚ್ ಪ್ಲೇಟ್‌ಗಳು ಚೆನ್ನಾಗಿದ್ದು ರಿವರ್ಸ್‌ನ ಪ್ಲೇಟ್‌ಗಳು ಮಾತ್ರ ಸುಟ್ಟಿದ್ದರೆ, ಗಾಡಿ ನಿಲ್ಲುವ ಮೊದಲೇ ರಿವರ್ಸ್ ಹಾಕುವ ಕೈಯನ್ನು ಅನುಮಾನಿಸುತ್ತೇನೆ. ಲಿವರನ್ನು ‘ಪಿ’ಗೆ (ಪಾರ್ಕಿಂಗ್) ಹಾಕಿದಾಗ ಗಾಡಿಯನ್ನು ಹಿಡಿಯುವ ಪಾರ್ಕಿಂಗ್ ಕೊಕ್ಕೆಯ ಮೂತಿ ಸವೆದು ಉರುಟಾಗಿದ್ದರೆ ಹ್ಯಾಂಡ್ ಬ್ರೇಕ್ ಮರೆಯುವವರ ನೆನಪಾಗುತ್ತದೆ. ಎಲ್ಲ ಪ್ಲೇಟ್‌ಗಳೂ ಒಂದೇ ಸಮ ಕಪ್ಪಾಗಿದ್ದರೆ ಆಯಿಲ್ ಕಾದಿದೆ, ಇಲ್ಲವೇ ಕಡಿಮೆಯಾಗಿದೆ. ಮಾಲೀಕರು ಬಾಯಿ ಬಿಡುವ ಮೊದಲೇ ಅರ್ಧ ಕಥೆ ಆ ಬಟ್ಟೆಯ ಮೇಲಿರುತ್ತದೆ.

ನನ್ನ ಮಗಳು ಕಾರು ಕಲಿಯುವಾಗ ಒಂದು ಪ್ರಶ್ನೆ ಕೇಳಿದಳು. “ಅಪ್ಪ, ಇದರಲ್ಲಿ ಕ್ಲಚ್ ಪೆಡಲೇ ಇಲ್ಲವಲ್ಲ. ಇಲ್ಲದ ಕ್ಲಚ್ ಸವೆಯೋದು ಹೇಗೆ?” ಆಟೊಮ್ಯಾಟಿಕ್ ಗಾಡಿ ಓಡಿಸುವ ಬಹಳಷ್ಟು ಜನರ ಮನಸ್ಸಿನಲ್ಲಿ ಇದೇ ಇದೆ. ಪೆಡಲ್ ಇಲ್ಲದಿರಬಹುದು, ಕ್ಲಚ್ ಇದೆ. ಒಂದಲ್ಲ, ಮೂರು, ನಾಲ್ಕು, ಐದು ಕಟ್ಟು ಇವೆ. ಪ್ರತಿ ಕಟ್ಟಿನಲ್ಲೂ ಒಂದು ಉಕ್ಕಿನ ಪ್ಲೇಟ್, ಅದರ ಪಕ್ಕ ಒಂದು ಘರ್ಷಣೆಯ ಪ್ಲೇಟ್, ಮತ್ತೆ ಉಕ್ಕು, ಹೀಗೆ ಒಂದಾದ ಮೇಲೊಂದು. ಘರ್ಷಣೆಯ ಪ್ಲೇಟಿನ ಮೇಲೆ ಅಂಟಿಸಿರುವ ಪದರ ಕಾಗದದಂತಹ ನಾರಿನದು. ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಲಿವರನ್ನು ‘ಎನ್’ನಿಂದ ‘ಡಿ’ಗೆ, ಅಂದರೆ ಮುಂದಕ್ಕೆ ಓಡುವ ಡ್ರೈವ್‌ಗೆ ತಂದಾಗ, ಆಯಿಲ್ ಎಲ್ಲಿಗೆ ಹೋಗಬೇಕೆಂದು ನಿಯಂತ್ರಿಸುವ ವಾಲ್ವ್ ಬಾಡಿಯ ದಾರಿ ತೆರೆದು ಒತ್ತಡದ ಆಯಿಲ್ ಪಿಸ್ಟನ್ ಹಿಂದೆ ನುಗ್ಗುತ್ತದೆ, ಪಿಸ್ಟನ್ ಆ ಕಟ್ಟನ್ನು ಅಮುಕುತ್ತದೆ. ಪ್ಲೇಟ್‌ಗಳು ಅರೆಗಳಿಗೆ ಒಂದರ ಮೇಲೊಂದು ಜಾರಿ ಆಮೇಲೆ ಕಚ್ಚಿಕೊಳ್ಳುತ್ತವೆ. ಸವೆತ ಆಗುವುದು ಆ ಜಾರುವ ಅರೆಗಳಿಗೆಯಲ್ಲಿ. ನಿಂತ ಗಾಡಿಯಲ್ಲಿ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ಅದು ಲೆಕ್ಕಕ್ಕೆ ಬಾರದಷ್ಟು. ಅದೇ ಬದಲಾವಣೆಯನ್ನು ಗಾಡಿ ಚಲಿಸುವಾಗಲೋ ಆಕ್ಸಿಲರೇಟರ್ ಒತ್ತಿಕೊಂಡೋ ಮಾಡಿದರೆ ಜಾರಾಟ ಉದ್ದವಾಗುತ್ತದೆ, ಬಿಸಿ ಏರುತ್ತದೆ, ನಾರು ಸುಡುತ್ತದೆ.

ಎಂಜಿನ್‌ಗೂ ಈ ಪ್ಲೇಟ್‌ಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದಪ್ಪನೆಯ ಉಂಗುರದಂತಹ ಡಬ್ಬಿ ಇರುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಆಯಿಲ್. ಈ ಯೋಚನೆ ಮೊದಲು ಹುಟ್ಟಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬ್ರೇಕ್ ತುಳಿದು ನಿಂತಾಗಲೂ ಎಂಜಿನ್ ಆಫ್ ಆಗದಿರುವುದು, ಬ್ರೇಕ್ ಬಿಟ್ಟ ಕೂಡಲೇ ಗಾಡಿ ತಾನಾಗಿ ತೆವಳುವುದು ಎಲ್ಲ ಈ ಡಬ್ಬಿಯ ಗುಣವೇ.

ಈಗ ಸಿಗ್ನಲ್ ವಿಷಯಕ್ಕೆ ಬರುತ್ತೇನೆ. ದಿನಕ್ಕೆ 20 ಸಲ ನಿಲ್ಲುತ್ತೀರಿ, ವರ್ಷಕ್ಕೆ 300 ದಿನ ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಪ್ರತಿ ಸಲ ‘ಎನ್’ಗೆ ಹಾಕಿ ‘ಡಿ’ಗೆ ತಂದರೆ ಒಂದೇ ವರ್ಷಕ್ಕೆ 6,000 ಸಲ ಆ ಪ್ಲೇಟ್‌ಗಳು ಬಿಟ್ಟು ಹಿಡಿಯಬೇಕು. ‘ಡಿ’ಯಲ್ಲೇ ಬ್ರೇಕ್ ತುಳಿದು ನಿಂತಿದ್ದರೆ ಅಷ್ಟೂ ಉಳಿಯುತ್ತಿತ್ತು. ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಒಳ್ಳೆಯ ಗೇರ್‌ಬಾಕ್ಸ್ ಅದನ್ನು ತಡೆದುಕೊಳ್ಳುತ್ತದೆ. ನಿಜವಾದ ಹಾನಿ ಹಸಿರು ದೀಪ ಬಿದ್ದ ಕ್ಷಣದಲ್ಲಿದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಕೈ ಲಿವರ್ ಎಳೆಯುತ್ತದೆ, ಕಾಲು ಅದೇ ಕ್ಷಣ ಆಕ್ಸಿಲರೇಟರ್ ಒತ್ತುತ್ತದೆ. ಒಳಗೆ ಪಿಸ್ಟನ್ ಇನ್ನೂ ಪೂರ್ತಿ ಅಮುಕಿಲ್ಲ, ಅಷ್ಟರಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತಿಗೆ ಏರಿದೆ. ಗಾಡಿ ‘ಧಡ್’ ಎಂದು ಮುಂದೆ ನೆಗೆಯುತ್ತದೆ. ಆ ಸದ್ದು ಕೇಳಿದರೆ ನನ್ನ ಕಣ್ಣಿಗೆ ಬರುವುದು ಆ ಕಾಗದದಷ್ಟು ತೆಳುವಾದ ಪದರ.

ಉಳಿತಾಯವೂ ಅವರು ಅಂದುಕೊಂಡಷ್ಟಿಲ್ಲ. ಇತ್ತೀಚಿನ ಅನೇಕ ಗೇರ್‌ಬಾಕ್ಸ್‌ಗಳು ‘ಡಿ’ಯಲ್ಲಿ ಬ್ರೇಕ್ ತುಳಿದು ನಿಂತರೆ ತಾವಾಗಿಯೇ ಆ ಕ್ಲಚ್ಚನ್ನು ಸಡಿಲಿಸಿ ಎಂಜಿನ್ನಿನ ಹೊರೆ ಇಳಿಸುತ್ತವೆ. ಕೆಲವು ಗಾಡಿಗಳು ಎಂಜಿನ್ನನ್ನೇ ಆಫ್ ಮಾಡುತ್ತವೆ. ರೈಲ್ವೆ ಗೇಟಿನಲ್ಲಿ ಐದಾರು ನಿಮಿಷ ನಿಲ್ಲಬೇಕಾದಾಗ ‘ಎನ್’ಗೋ ‘ಪಿ’ಗೋ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲಿಗೆ ವಿಶ್ರಾಂತಿ ಕೊಡಿ. ಅದಕ್ಕೆ ನನ್ನದೇನೂ ತಕರಾರಿಲ್ಲ. ಹೊರಡುವಾಗ ಬ್ರೇಕ್ ತುಳಿದು, ‘ಡಿ’ ಹಾಕಿ, ಗಾಡಿ ಮೆಲ್ಲಗೆ ಮುಂದಕ್ಕೆ ತುಯ್ಯುವುದು ಮೈಗೆ ತಿಳಿಯುವವರೆಗೆ ಒಂದು ಉಸಿರಿನಷ್ಟು ಕಾಯಿರಿ. ಆಮೇಲೆ ಆಕ್ಸಿಲರೇಟರ್.

ಇಳಿಜಾರಿನಲ್ಲಿ ‘ಎನ್’ ಎನ್ನುವುದು ಇದಕ್ಕಿಂತ ಕೆಟ್ಟ ಸಲಹೆ. ಇದು ನನ್ನ ಮನೆಯಲ್ಲೇ ಇತ್ತು. ನನ್ನ ಸೋದರಮಾವ ಲಾರಿ ಓಡಿಸಿ ನಿವೃತ್ತರಾದವರು. ಮಗ ಕೊಡಿಸಿದ ಆಟೊಮ್ಯಾಟಿಕ್ ಕಾರನ್ನೂ ಬೆಟ್ಟದಿಂದ ಇಳಿಸುವಾಗ ಹಳೆಯ ಕಾಲದಂತೆ ನ್ಯೂಟ್ರಲ್‌ನಲ್ಲಿ ಬಿಡುತ್ತಿದ್ದರು, ಇಳಿಜಾರು ಮುಗಿದ ಕಡೆ 70ರ ವೇಗದಲ್ಲಿ ‘ಡಿ’ಗೆ ಎಳೆಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ನನಗೆ ಪ್ರತಿ ಸಲ ಎದೆ ಹಿಡಿದಂತಾಗುತ್ತಿತ್ತು. “ಮಾವ, ಕಾರ್ಬ್ಯುರೇಟರ್ ಕಾಲ ಮುಗಿಯಿತು. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದುಕೊಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳೇ ಮುಚ್ಚಿಕೊಳ್ಳುತ್ತವೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಒಂದು ಹನಿಯೂ ಖರ್ಚಿಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆಫ್ ಆಗದಂತೆ ನೋಡಿಕೊಳ್ಳಲು ಅದಕ್ಕೆ ಇಂಧನ ಕೊಡಲೇಬೇಕು” ಎಂದೆ. ಅವರು ನಂಬಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಇಂಧನ ಬಳಕೆ ತೋರಿಸುವ ಪರದೆ ಇತ್ತು. ಅದೇ ಇಳಿಜಾರಿನಲ್ಲಿ ಎರಡೂ ರೀತಿ ಇಳಿಸಿ ತೋರಿಸಿದೆ. ‘ಡಿ’ಯಲ್ಲಿ ಸೊನ್ನೆ ಬಂತು, ‘ಎನ್’ನಲ್ಲಿ ಬರಲಿಲ್ಲ. ಮಾವ ಬಹಳ ಹೊತ್ತು ಸುಮ್ಮನೆ ಆ ಪರದೆಯನ್ನೇ ನೋಡುತ್ತಿದ್ದರು. ಅವತ್ತಿನಿಂದ ಬಿಟ್ಟರು.

ಇಂಧನದ ಮಾತು ಹಾಗಿರಲಿ. ‘ಎನ್’ನಲ್ಲಿ ಎಂಜಿನ್ನಿನ ಹಿಡಿತವೇ ಇರುವುದಿಲ್ಲ, ಗಾಡಿಯ ಪೂರ್ತಿ ಭಾರವನ್ನು ಬ್ರೇಕ್‌ಗಳೇ ತಡೆಯಬೇಕು. ಉದ್ದನೆಯ ಇಳಿಜಾರಿನಲ್ಲಿ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲದ ಸ್ಥಿತಿ ಬರುವುದು ಹೀಗೆ. ಗೇರ್‌ಬಾಕ್ಸ್ ಒಳಗೆ ಚಕ್ರದ ಕಡೆಯ ಶಾಫ್ಟ್ ರಭಸವಾಗಿ ತಿರುಗುತ್ತಿರುತ್ತದೆ. ಆಯಿಲ್ ಪಂಪ್ ಮಾತ್ರ ಎಂಜಿನ್ನಿನ ನಿಧಾನದ ಸುತ್ತಿನಲ್ಲೇ ಇರುತ್ತದೆ, ಏಕೆಂದರೆ ಪಂಪನ್ನು ತಿರುಗಿಸುವುದು ಎಂಜಿನ್. ಕೊನೆಗೆ ‘ಡಿ’ಗೆ ಎಳೆದಾಗ ಈ ಎರಡು ವೇಗಗಳ ಅಂತರವನ್ನು ಸರಿದೂಗಿಸುವ ಹೊಣೆ ಮತ್ತೆ ಆ ತೆಳು ಪದರದ್ದೇ. ಇಳಿಜಾರಿಗೆ ಬೇಕಾದದ್ದು ‘ಎನ್’ ಅಲ್ಲ, ‘ಎಲ್’ (ಲೋ) ಅಥವಾ ‘2’, ಅಂದರೆ ಕೆಳಗಿನ ಗೇರ್‌ಗಳು. ಹೊಸ ಗಾಡಿಗಳಲ್ಲಿ ಮ್ಯಾನುಯಲ್ ಮೋಡ್‌ನ ಕೆಳಗಿನ ಗೇರ್. ಇಳಿಯುವ ಮೊದಲೇ, ವೇಗ ತಗ್ಗಿಸಿಕೊಂಡು ಹಾಕಬೇಕು. ಎಂಜಿನ್ ಸದ್ದು ಜೋರಾದರೆ ಹೆದರಬೇಡಿ, ಅದು ಗಾಡಿಯನ್ನು ಹಿಡಿದಿಟ್ಟಿರುವ ಸದ್ದು.

ಆದರೆ ನನ್ನ ಮೇಜಿನ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಹಾನಿ ಪಾರ್ಕಿಂಗ್ ಜಾಗದಲ್ಲಿ ಆಗುವಂಥದ್ದು. ರಿವರ್ಸ್ ತೆಗೆಯುತ್ತಾರೆ, ಗಾಡಿ ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ‘ಡಿ’ಗೆ ಎಳೆದು ಆಕ್ಸಿಲರೇಟರ್ ಒತ್ತುತ್ತಾರೆ. ಹಿಂದಕ್ಕೆ ಹೋಗುತ್ತಿರುವ ಒಂದೂವರೆ ಸಾವಿರ ಕಿಲೋ ಭಾರವನ್ನು ನಿಲ್ಲಿಸಬೇಕಾದದ್ದು ಚಕ್ರದ ಬ್ರೇಕ್. ಅದರ ಪ್ಯಾಡ್‌ಗಳನ್ನು ಚಕ್ರ ಕಳಚಿ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಹೀಗೆ ಮಾಡಿದಾಗ ಆ ಕೆಲಸ ಗೇರ್‌ಬಾಕ್ಸಿನ ಹೊಟ್ಟೆಯೊಳಗಿನ ಪ್ಲೇಟ್‌ಗಳ ಮೇಲೆ ಬೀಳುತ್ತದೆ. ಅವುಗಳನ್ನು ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಪೆಟ್ಟು ಅಲ್ಲಿಗೇ ನಿಲ್ಲುವುದೂ ಇಲ್ಲ, ಡ್ರೈವ್ ಶಾಫ್ಟಿನ ಕೀಲುಗಳಿಗೆ, ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗಳಿಗೆ ಹೋಗುತ್ತದೆ. ಹೊಸ ಗಾಡಿಗಳಲ್ಲಿ ವೇಗ ಸ್ವಲ್ಪ ಹೆಚ್ಚಿದ್ದರೆ ಕಂಪ್ಯೂಟರ್ ರಿವರ್ಸ್ ಬೀಳಲು ಬಿಡುವುದಿಲ್ಲ. ನಡಿಗೆಯ ವೇಗದಲ್ಲಿ ಬಿಟ್ಟುಬಿಡುತ್ತದೆ. ದಿನಾ ನಾಲ್ಕು ಸಲ, ವರ್ಷಗಟ್ಟಲೆ ಆಗುವುದು ಆ ನಡಿಗೆಯ ವೇಗದಲ್ಲೇ.

ಲಿವರಿನ ಮೇಲೆ ‘ಆರ್’ ಮತ್ತು ‘ಡಿ’ ನಡುವೆ ‘ಎನ್’ ಏಕಿದೆ ಎಂದು ಯೋಚಿಸಿದ್ದೀರಾ? ಮೊದಲು ಎಲ್ಲ ಗಾಡಿಗಳಲ್ಲೂ ಹಾಗಿರಲಿಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಜನರಲ್ ಮೋಟರ್ಸ್ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ತಂದಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಅದು. ಅದರಲ್ಲಿ ರಿವರ್ಸ್ ಇದ್ದದ್ದು ಕೊನೆಯಲ್ಲಿ, ‘ಎಲ್’ ಪಕ್ಕದಲ್ಲೇ. ಮುಂದಕ್ಕೆ ಹೋಗಬೇಕೆಂದವರು ಕೈತಪ್ಪಿ ಹಿಂದಕ್ಕೆ ಹೋಗುವ ಅಪಾಯ ಅಲ್ಲಿತ್ತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ವಾಹನ ಸುರಕ್ಷತಾ ನಿಯಮ, ಮುಂದಿನ ಗೇರ್‌ಗೂ ರಿವರ್ಸ್‌ಗೂ ನಡುವೆ ನ್ಯೂಟ್ರಲ್ ಇರಲೇಬೇಕು ಎಂದಿತು. ನನ್ನ ಮಗಳಿಗೆ ನಾನು ಕಲಿಸಿದ್ದು ಆ ಜಾಗವನ್ನು ಹೊಸ್ತಿಲಿನಂತೆ ಕಾಣಲು. ಹೊಸ್ತಿಲು ದಾಟುವ ಮೊದಲು ಚಕ್ರ ಪೂರ್ತಿ ನಿಂತಿರಬೇಕು, ಕಾಲು ಬ್ರೇಕ್ ಮೇಲಿರಬೇಕು.

ಇನ್ನು ‘ಪಿ’. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ನನ್ನ ಹತ್ತಿರ ಗಾಡಿ ಬಿಡುತ್ತಾರೆ. ಅವರ ಮನೆಯ ಮುಂದೆ ಇಳಿಜಾರು. ಒಂದು ದಿನ ಬಂದು, “ಬೆಳಿಗ್ಗೆ ಲಿವರ್ ಬರೋದೇ ಇಲ್ಲಪ್ಪ, ಎರಡೂ ಕೈಯಲ್ಲಿ ಎಳೆದರೆ ‘ಠಪ್’ ಅಂತ ಕಿತ್ತುಕೊಂಡು ಬರುತ್ತೆ” ಎಂದರು. “ಹ್ಯಾಂಡ್ ಬ್ರೇಕ್ ಹಾಕ್ತೀರಾ ಮೇಷ್ಟ್ರೇ?” ಎಂದೆ. “ಪಿ ಇದೆಯಲ್ಲ, ಅದಿದ್ದ ಮೇಲೆ ಇದೇಕೆ?” ಎಂದರು. ಬೇರೊಂದು ಗೇರ್‌ಬಾಕ್ಸಿನಿಂದ ತೆಗೆದಿಟ್ಟಿದ್ದ ಪಾರ್ಕಿಂಗ್ ಕೊಕ್ಕೆಯನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಉಕ್ಕಿನ ತುಂಡು, ತುದಿಯಲ್ಲಿ ಒಂದು ಹಲ್ಲು. ಶಾಫ್ಟಿನ ಮೇಲಿರುವ ಹಲ್ಲುಗಾಲಿಯ ಒಂದು ಸಂದಿಗೆ ಆ ಹಲ್ಲು ಬಿದ್ದು ಗಾಡಿಯನ್ನು ಹಿಡಿಯುತ್ತದೆ. ‘ಪಿ’ ಎಂದರೆ ಅಷ್ಟೇ, ಚಕ್ರಕ್ಕೆ ಯಾವ ಬ್ರೇಕೂ ಬೀಳುವುದಿಲ್ಲ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ರಾತ್ರಿಯಿಡೀ ಗಾಡಿ ನಿಲ್ಲೋದು ಇಷ್ಟರ ಮೇಲಾ?” ಎಂದರು. ಅವರ ದನಿಯಲ್ಲಿ ಆ ತುಂಡಿನ ಬಗ್ಗೆ ಕನಿಕರವಿತ್ತು.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮವನ್ನು ಅವರಿಗೆ ಅಲ್ಲೇ ಮೂರು ಸಲ ಮಾಡಿಸಿದೆ. ಬ್ರೇಕ್ ತುಳಿದು ಗಾಡಿ ನಿಲ್ಲಿಸಿ. ಕಾಲು ತೆಗೆಯದೆ ಲಿವರನ್ನು ‘ಎನ್’ಗೆ ತನ್ನಿ. ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆಯಿರಿ. ಈಗ ಕಾಲ ಬ್ರೇಕನ್ನು ನಿಧಾನವಾಗಿ ಸಡಿಲಿಸಿ. ಗಾಡಿ ಒಂದಿಷ್ಟು ಅಲುಗಿ, ಹ್ಯಾಂಡ್ ಬ್ರೇಕಿನ ಮೇಲೆ ಕೂರುತ್ತದೆ. ಅದು ಕೂತ ಮೇಲೆ ಮತ್ತೆ ಬ್ರೇಕ್ ತುಳಿದು ‘ಪಿ’ಗೆ ಹಾಕಿ. ಹೊರಡುವಾಗ ಬ್ರೇಕ್ ತುಳಿದು, ಮೊದಲು ಲಿವರನ್ನು ‘ಪಿ’ಯಿಂದ ತೆಗೆದು, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಕೊಕ್ಕೆ ಈಗಾಗಲೇ ಸಿಕ್ಕಿಕೊಂಡಿದ್ದರೆ ಎರಡು ಕೈಯಲ್ಲಿ ಎಳೆಯಬೇಡಿ. ಕಾಲ ಬ್ರೇಕ್ ತುಳಿದುಕೊಂಡು, ಹೊರಗಿನಿಂದ ಒಂದಿಬ್ಬರು ಗಾಡಿಯನ್ನು ಏರಿನ ಕಡೆಗೆ ತಳ್ಳುವಾಗ ಬ್ರೇಕನ್ನು ಕ್ಷಣ ಸಡಿಲಿಸಿ ಮತ್ತೆ ಹಿಡಿಯಿರಿ. ತಳ್ಳುವವರು ಗಾಡಿ ಇಳಿಯುವ ದಾರಿಗೆ ಅಡ್ಡವಾಗದಂತೆ ಬದಿಯಲ್ಲಿ ನಿಂತಿರಬೇಕು. ಒಂದು ಅಂಗುಲ ಜರುಗಿದರೂ ಹಲ್ಲಿನ ಮೇಲಿನ ಭಾರ ತಗ್ಗಿ ಲಿವರ್ ಹಗುರವಾಗಿ ಬರುತ್ತದೆ. ಗಾಡಿ ಉರುಳುತ್ತಿರುವಾಗಲೇ ‘ಪಿ’ಗೆ ತಳ್ಳಿದರೆ ‘ಕಟಕಟಕಟ’ ಎಂದು ಸದ್ದು ಬರುತ್ತದೆ. ಕೊಕ್ಕೆಯ ಹಲ್ಲು ಗಾಲಿಯ ಹಲ್ಲುಗಳ ಮೇಲೆ ಬಡಿದು ಬಡಿದು ಸರಿಯುವ ಸದ್ದು ಅದು. ಒಡೆದ ಕೊಕ್ಕೆ ಒಳಗೆ ಬಿದ್ದರೆ ಏನೇನನ್ನು ಪುಡಿ ಮಾಡುತ್ತದೆ ಎಂದು ನಾನು ನೋಡಿದ್ದೇನೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ನನ್ನದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಎಂಜಿನ್ ಕೆಟ್ಟು ನಿಂತಿದ್ದ ಒಂದು ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಹದಿನೈದು ಕಿಲೋಮೀಟರ್ ಎಳೆದುಕೊಂಡು ಬಂದೆ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಗಾಡಿ, ನಾಲ್ಕೂ ಚಕ್ರ ನೆಲದ ಮೇಲೆ. ‘ಎನ್’ನಲ್ಲಿದೆ, ಇನ್ನೇನು ಎಂದುಕೊಂಡೆ. ಎಂಜಿನ್ ಆಫ್ ಇದ್ದರೆ ಪಂಪ್ ತಿರುಗುವುದಿಲ್ಲ, ಪಂಪ್ ತಿರುಗದಿದ್ದರೆ ಒಳಗಿನ ಗೇರ್‌ಗಳಿಗೆ, ಬುಷ್‌ಗಳಿಗೆ ಆಯಿಲ್ ಹೋಗುವುದಿಲ್ಲ, ಚಕ್ರ ಮಾತ್ರ ಅವುಗಳನ್ನು ಆಯಿಲ್ ಇಲ್ಲದೆಯೇ ತಿರುಗಿಸುತ್ತಿರುತ್ತದೆ ಎನ್ನುವುದು ನನಗೆ ತಿಳಿದಿರಲಿಲ್ಲ. ಎಂಜಿನ್ ಸರಿಯಾದ ದಿನ ಗೇರ್‌ಬಾಕ್ಸ್ ಕಿರುಚತೊಡಗಿತು. ಗಾಡಿಯ ಒಡತಿ ವಯಸ್ಸಾದ ತಾಯಿ. “ಇದು ಮೊದಲು ಹೀಗಿರಲಿಲ್ಲವಲ್ಲಪ್ಪಾ” ಎಂದರು. ತಲೆ ತಗ್ಗಿಸಿ ನಿಜ ಹೇಳಿದೆ. ಆ ಗೇರ್‌ಬಾಕ್ಸನ್ನು ನನ್ನ ರಾತ್ರಿಗಳಲ್ಲಿ ಕೂತು ಕಟ್ಟಿಕೊಟ್ಟೆ. ಆಟೊಮ್ಯಾಟಿಕ್ ಗಾಡಿ ಕೆಟ್ಟು ನಿಂತರೆ ಅದನ್ನು ಪೂರ್ತಿ ಎತ್ತಿ ಸಾಗಿಸುವ ವಾಹನ ತರಿಸಿ, ಇಲ್ಲವೇ ಎಂಜಿನ್ ತಿರುಗಿಸುವ ಚಕ್ರಗಳಾದರೂ ನೆಲ ಮುಟ್ಟದಂತೆ ನೋಡಿಕೊಳ್ಳಿ. ಗಾಡಿಯ ಕೈಪಿಡಿಯಲ್ಲಿ ಎಳೆಯುವ ಬಗ್ಗೆ ಬರೆದಿರುತ್ತದೆ, ಅದನ್ನು ಓದದೆ ಯಾರಿಗೂ ಹಗ್ಗ ಕಟ್ಟಲು ಬಿಡಬೇಡಿ.

ಶಾಖದ ಬಗ್ಗೆ ಹೇಳದಿದ್ದರೆ ಪತ್ರ ಅರ್ಧವಾದೀತು. ಗೇರ್‌ಬಾಕ್ಸ್ ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅದರ ಮೇಲೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಆಯಿಲಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ನಮ್ಮ ಕೆಲಸದವರ ರೂಢಿಯ ಲೆಕ್ಕ. ಹಾಗೆ ಕಾಯಿಸುವ ಕೆಲಸವನ್ನು ತಿಳಿಯದೆ ದಿನಾ ಮಾಡುವವರಿದ್ದಾರೆ. ಏರಿನಲ್ಲಿ ನಿಂತಾಗ ಬ್ರೇಕ್ ತುಳಿಯದೆ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ಹಿಂದೆ ಜಾರದಂತೆ ಹಿಡಿದುಕೊಳ್ಳುತ್ತಾರೆ. ಕೆಸರಿನಲ್ಲಿ ಚಕ್ರ ಹೂತಾಗ ‘ಡಿ’, ‘ಆರ್’, ‘ಡಿ’, ‘ಆರ್’ ಎಂದು ಎಂಜಿನ್ ಅಬ್ಬರಿಸುತ್ತಾ ತೂಗುತ್ತಾರೆ. ವರ್ಕ್‌ಶಾಪಿನಲ್ಲಿ ನಾವು ಸ್ಟಾಲ್ ಟೆಸ್ಟ್ ಎಂಬ ಪರೀಕ್ಷೆ ಮಾಡುತ್ತೇವೆ. ಬ್ರೇಕ್ ಒತ್ತಿ ಹಿಡಿದು, ‘ಡಿ’ಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯುವುದು. ಅದನ್ನು ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ನಿಯಮ, ಅಷ್ಟರಲ್ಲೇ ಕನ್ವರ್ಟರಿನ ಆಯಿಲ್ ಅಷ್ಟು ಕಾಯುತ್ತದೆ. ಕೆಸರಿನಲ್ಲಿ ಕೆಲವರು ಅದನ್ನು ನಿಮಿಷಗಟ್ಟಲೆ ಮಾಡುತ್ತಾರೆ. ಚಕ್ರದ ಕೆಳಗೆ ಹಲಗೆಯೋ ಕಲ್ಲೋ ಕೊಡಿ, ನಾಲ್ಕು ಜನ ತಳ್ಳಿ.

ಎಡಗಾಲನ್ನು ಬ್ರೇಕ್ ಮೇಲೆ ಇಟ್ಟುಕೊಂಡು ಓಡಿಸುವವರಿಗೂ ಒಂದು ಮಾತು. ಓಡುವಾಗ ಕನ್ವರ್ಟರ್ ಒಳಗಿನ ಲಾಕ್‌ಅಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುತ್ತದೆ. ಆಗ ಆಯಿಲ್ ಕಲಕುವುದು ನಿಂತು ಬಿಸಿ ಇಳಿಯುತ್ತದೆ. ಬ್ರೇಕ್ ಪೆಡಲ್ ಸ್ವಲ್ಪ ತಗ್ಗಿ ದೀಪ ಹೊತ್ತಿದರೂ ಸಾಕು, ಬಹುತೇಕ ಗಾಡಿಗಳಲ್ಲಿ ಆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಕಾಲು ಅಲ್ಲೇ ಕೂತಿದ್ದರೆ ಹೆದ್ದಾರಿಯುದ್ದಕ್ಕೂ ಅದು ಬೆಸೆದುಕೊಳ್ಳುವುದೇ ಇಲ್ಲ. ಎಡಗಾಲಿಗೆ ಬದಿಯಲ್ಲಿ ಜಾಗವಿದೆ, ಅಲ್ಲಿರಲಿ.

ಏರು ಹತ್ತುವಾಗ, ಅದರಲ್ಲೂ ಗಾಡಿ ತುಂಬ ಜನ, ಸಾಮಾನು ಇದ್ದಾಗ, ಗೇರ್‌ಬಾಕ್ಸ್ ಮೂರಕ್ಕೆ ಇಳಿಯುತ್ತದೆ, ನಾಲ್ಕಕ್ಕೆ ಏರುತ್ತದೆ, ಮತ್ತೆ ಮೂರು, ಮತ್ತೆ ನಾಲ್ಕು. ನಿರ್ಧಾರಕ್ಕೆ ಬರಲಾಗದ ಈ ಒದ್ದಾಟದ ಪ್ರತಿ ಬದಲಾವಣೆಯಲ್ಲೂ ಒಂದು ಕಟ್ಟು ಬಿಟ್ಟು ಇನ್ನೊಂದು ಹಿಡಿಯುತ್ತಿರುತ್ತದೆ. ನೀವೇ ಕೆಳಗಿನ ಗೇರ್ ಹಾಕಿ ಅಲ್ಲೇ ಇಡಿ. ‘ಡಿ’ಯ ಕೆಳಗಿರುವ ಅಕ್ಷರಗಳು, ಅಂಕಿಗಳು ಇರುವುದೇ ಅದಕ್ಕೆ.

ಟಾರ್ಕ್ ಕನ್ವರ್ಟರ್ ಇಲ್ಲದ ಆಟೊಮ್ಯಾಟಿಕ್‌ಗಳೂ ಇವೆ. ಎಎಂಟಿ ಎಂದರೆ ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಡಿಸಿಟಿಯಲ್ಲಿ ಎರಡು ಕ್ಲಚ್, ಕೆಲವು ಆಯಿಲ್‌ನಲ್ಲಿ ಮುಳುಗಿರುತ್ತವೆ, ಕೆಲವು ಒಣ. ಒಣ ಕ್ಲಚ್‌ನ ಗಾಡಿಗೆ ಇಂಚು ಇಂಚಾಗಿ ತೆವಳುವ ಟ್ರಾಫಿಕ್ಕೇ ಶತ್ರು, ಅದಕ್ಕೆ ಜಾರುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಸಾಮಾನು ತಲುಪಿಸುವ ಹುಡುಗನೊಬ್ಬ ಒಂದೇ ವರ್ಷದಲ್ಲಿ ಎರಡು ಸಲ ಎಎಂಟಿ ಕ್ಲಚ್ ಸುಟ್ಟುಕೊಂಡು ಬಂದ. ಪಕ್ಕದಲ್ಲಿ ಕೂತು ನೋಡಿದೆ. ಏರಿನಲ್ಲಿ ಬ್ರೇಕ್ ಮುಟ್ಟುತ್ತಲೇ ಇರಲಿಲ್ಲ. “ತಮ್ಮಾ, ಮುಂದಿನ ಗಾಡಿಗೆ ಅಂಟಿಕೊಳ್ಳಬೇಡ. ಒಂದು ಕಾರಿನಷ್ಟು ಜಾಗ ಆಗಲಿ ಬಿಡು, ಆಮೇಲೆ ಒಂದೇ ಸಲ ಮುಂದೆ ಹೋಗಿ ಬ್ರೇಕ್ ಪೂರ್ತಿ ತುಳಿದು ನಿಲ್ಲು” ಎಂದೆ. ಬ್ರೇಕ್ ಪೂರ್ತಿ ತುಳಿದರೆ ಕ್ಲಚ್ ಪೂರ್ತಿ ಬಿಟ್ಟುಕೊಂಡು ತಣ್ಣಗಾಗುತ್ತದೆ, ಅರೆಬರೆ ತುಳಿದರೆ ಜಾರುತ್ತಲೇ ಇರುತ್ತದೆ. ಮೂರನೆಯ ಕ್ಲಚ್ ಹಾಕಿ ಎರಡು ವರ್ಷವಾಯಿತು, ಅವನು ಆ ಕೆಲಸಕ್ಕೆ ಮತ್ತೆ ಬಂದಿಲ್ಲ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಅದು ಒಮ್ಮೆ ಜಾರಿದರೆ ಪುಲ್ಲಿಯ ನುಣುಪಾದ ಮೈಮೇಲೆ ಗೀರು ಬೀಳುತ್ತದೆ, ಆ ಗೀರು ಬೆಲ್ಟನ್ನು ತಿನ್ನುತ್ತದೆ. ನಿಂತ ಕಡೆಯಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಾರಿಸುವುದು ಅದಕ್ಕೆ ಆಗಿಬರುವುದಿಲ್ಲ.

ಕೊನೆಗೆ ಆಯಿಲ್. ‘ಇದು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎಂದು ಶೋರೂಮಿನಲ್ಲಿ ಹೇಳಿದ್ದಾರೆ ಎನ್ನುವ ಗ್ರಾಹಕರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅನೇಕ ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತು ನನಗೆ ಹೆಚ್ಚು. ಬದಲಿಸುವಾಗ ಗಾಡಿಯ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಪ್ಲೇಟ್‌ಗಳು ಹೇಗೆ ಕಚ್ಚಬೇಕು, ಎಷ್ಟು ಜಾರಬೇಕು ಎಂಬುದು ಆಯಿಲಿನಲ್ಲಿ ಬೆರೆಸಿರುವ ರಾಸಾಯನಿಕಗಳ ಮೇಲೆ ನಿಂತಿದೆ. ಒಂದು ಕಾಲದಲ್ಲಿ ಆ ಗುಣಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದಾಗ ಬದಲಿ ಹುಡುಕಲು ಕಂಪನಿಗಳು ಸಾಕಷ್ಟು ಒದ್ದಾಡಬೇಕಾಯಿತು. ಇದನ್ನು ಕೇಳಿದ ಮೇಲೆ ‘ಯಾವುದೋ ಒಂದು ಕೆಂಪು ಆಯಿಲ್ ಹಾಕಿ’ ಎನ್ನುವ ಮಾತನ್ನು ಯಾರೂ ಆಡಬಾರದು. ಕೆಂಪು ಬರೀ ಬಣ್ಣ. ಆದರೆ ಕೆಂಪಾಗಿದ್ದ ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ತಡಮಾಡಬೇಡಿ. ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಇದ್ದರೆ ಅದು ಸಹಜ ಸವೆತ. ಕೈಗೆ ಚುಚ್ಚುವ ಚೂರುಗಳಿದ್ದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಬೇಕು.

ಸಂಪಾದಕರೇ, ಹೊಸ ಗಾಡಿ ಕೈಗೆ ಕೊಡುವಾಗ ಹಾಡು ಹಾಕುವುದು, ಫೋನ್ ಜೋಡಿಸುವುದು, ಸೀಟು ಹಿಂದೆ ಮುಂದೆ ಮಾಡುವುದು ಎಲ್ಲ ತೋರಿಸುತ್ತಾರೆ. ಇಳಿಜಾರಿನಲ್ಲಿ ‘ಪಿ’ ಹೇಗೆ ಹಾಕಬೇಕೆಂದು ತೋರಿಸಿದವರನ್ನು ನಾನು ಕಂಡಿಲ್ಲ. ಡ್ರೈವಿಂಗ್ ಶಾಲೆಗಳಲ್ಲಿ ಕಲಿಸುವವರಾದರೂ ಈ ಪತ್ರ ಓದಲಿ ಎಂದು ನನ್ನ ಆಸೆ. ಲಿವರ್ ಬದಲಿಸುವ ಮೊದಲು ‘ಚಕ್ರ ನಿಂತಿದೆಯಾ?’ ಎಂದು ಕಲಿಯುವವರಿಂದ ಬಾಯಿಬಿಟ್ಟು ಹೇಳಿಸಿ. ನನ್ನ ಮಗಳಿಂದ ಒಂದು ತಿಂಗಳು ಹೇಳಿಸಿದೆ. ಈಗ ಅವಳು ಹೇಳುವುದಿಲ್ಲ, ಕೈ ತಾನಾಗಿ ಕಾಯುತ್ತದೆ.

ಹೋದ ವಾರದ ಪತ್ರ ಬರೆದ ಓದುಗರಿಗೆ ನನ್ನ ಮೇಲೆ ಬೇಸರವಾಗಬಾರದು. ಅವರು ಒಮ್ಮೆ ನನ್ನ ಕೆಲಸದ ಜಾಗಕ್ಕೆ ಬಂದರೆ ಬಹಳ ಸಂತೋಷ. ಮೇಷ್ಟ್ರು ಹಿಡಿದು ನೋಡಿದ ಕೊಕ್ಕೆ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಪಕ್ಕ ಒಂದೇ ಗೇರ್‌ಬಾಕ್ಸಿನಿಂದ ತೆಗೆದ ಎರಡು ಪ್ಲೇಟ್‌ಗಳನ್ನು ತೊಳೆಯದೆ ಎತ್ತಿಟ್ಟಿದ್ದೇನೆ, ಒಂದು ಮುಂದಿನದು, ಒಂದು ರಿವರ್ಸ್‌ನದು.

ಇಂತಿ ನಿಮ್ಮ ಓದುಗ,
ಒಬ್ಬ ಗೇರ್‌ಬಾಕ್ಸ್ ಮೆಕ್ಯಾನಿಕ್